ಡಯಾಲಿಸಿಸ್ ರೋಗಿಗಳಲ್ಲಿ ಗುಪ್ತ ಹೆಪಟೈಟಿಸ್ ಬಿ

1. ವ್ಯಾಖ್ಯೆ: ರಕ್ತದಲ್ಲಿ ಎಚ್‌ಬಿಎಸ್‌ಎಜಿ (ಮೇಲ್ಮೈ ಪ್ರತಿಜನಕ) ನೆಗೆಟಿವ್, ಆದರೆ ಯಕೃತ್ತಿನಲ್ಲಿ ವೈರಸ್ಸಿನ ಡಿಎನ್‌ಎ ಇರುತ್ತದೆ. ರಕ್ತದಲ್ಲಿ ಕಂಡರೂ ಸಾಮಾನ್ಯವಾಗಿ ಮಿ.ಲೀ.ಗೆ 200 ಐಯುಗಿಂತ ಕಡಿಮೆ.

2. ಕಾರಣ: ಯಕೃತ್ತಿನ ಕೋಶಕೇಂದ್ರದಲ್ಲಿ ವೈರಸ್ಸಿನ ವರ್ತುಲಾಕಾರದ ಡಿಎನ್‌ಎ ಉಳಿದುಬಿಡುತ್ತದೆ.

3. ಪತ್ತೆ: ಪಿಸಿಆರ್ ಮಾದರಿಯ ಡಿಎನ್‌ಎ ಪರೀಕ್ಷೆ. ಆಂಟಿ-ಎಚ್‌ಬಿಸಿ (ವೈರಸ್ಸಿನ ತಿರುಳಿನ ವಿರುದ್ಧದ ಪ್ರತಿಕಾಯ) ಪಾಸಿಟಿವ್ ಬಂದರೆ ಸುಳಿವು ಮಾತ್ರ; ನೆಗೆಟಿವ್ ಇದ್ದರೂ ಗುಪ್ತ ಸೋಂಕು ಇರಬಹುದು.

4. ಡಯಾಲಿಸಿಸ್‌ನಲ್ಲಿ ಅಪಾಯವೇಕೆ?
• ರೋಗನಿರೋಧಕ ಶಕ್ತಿ ಕುಂದಿರುತ್ತದೆ. ರಕ್ತದ ಸಂಪರ್ಕ ಪದೇಪದೇ.
• ಒಣಗಿದ ರಕ್ತದ ಕಲೆಯಲ್ಲೂ ವೈರಸ್ ಕನಿಷ್ಠ 7 ದಿನ ಬದುಕುತ್ತದೆ. ಆದ್ದರಿಂದ ಪ್ರತಿ ರೋಗಿಗೂ ಕೈಗವಸು ಬದಲಾವಣೆ, ಯಂತ್ರದ ಮೇಲ್ಮೈ ಶುದ್ಧೀಕರಣ ಕಡ್ಡಾಯ. ಇದರಲ್ಲಿ ರಾಜಿ ಸಲ್ಲದು.
• ಮೂತ್ರಪಿಂಡ ಕಸಿಯ ನಂತರದ ಔಷಧಗಳಿಂದ ವೈರಸ್ ಮತ್ತೆ ಸಕ್ರಿಯವಾಗಬಹುದು.

5. ಲಸಿಕೆ: ವಯಸ್ಕ ಡಯಾಲಿಸಿಸ್ ರೋಗಿಗೆ 40 ಮೈಕ್ರೋಗ್ರಾಂ (ಸಾಮಾನ್ಯ ಡೋಸ್‌ಗಿಂತ ಹೆಚ್ಚು). ಆಂಟಿ-ಎಚ್‌ಬಿಎಸ್ (ಮೇಲ್ಮೈ ಪ್ರತಿಜನಕದ ವಿರುದ್ಧದ ಪ್ರತಿಕಾಯ) ಮಿ.ಲೀ.ಗೆ 10 ಮಿಲಿ-ಐಯುಗಿಂತ ಕೆಳಗಿಳಿದರೆ ಬೂಸ್ಟರ್.

6. ಗೊಂದಲ ಬೇಡ:
• ಎಚ್‌ಬಿಎಸ್‌ಎಜಿ = ಸೋಂಕು; ಆಂಟಿ-ಎಚ್‌ಬಿಎಸ್ = ರಕ್ಷಣೆ. (ಪರೀಕ್ಷೆಯಲ್ಲಿ ಹೆಚ್ಚು ಅಂಕ ಹೋಗುವುದು ಇಲ್ಲೇ.)
• ಹೆಪಟೈಟಿಸ್ ಬಿ ಡಿಎನ್‌ಎ ವೈರಸ್. ಸಿ ಆರ್‌ಎನ್‌ಎ ವೈರಸ್, ಅದಕ್ಕೆ ಲಸಿಕೆಯಿಲ್ಲ.

7. ಬರೂಕ್ ಬ್ಲಂಬರ್ಗ್: ಹೆಪಟೈಟಿಸ್ ಬಿ ವೈರಸ್ ಶೋಧ, ನೊಬೆಲ್ 1976. ಜನ್ಮದಿನ ಜುಲೈ 28 = ವಿಶ್ವ ಹೆಪಟೈಟಿಸ್ ದಿನ.

8. ಭಾರತ: ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ, 2016; ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ, 2018.