ಡಿಜಿಟಲ್ ಕ್ಯಾಮರಾ ಕೊಳ್ಳುವ ಮುನ್ನ

ಛಾಯಾಚಿತ್ರಗಳು ಮನೆತನದ ಆಸ್ತಿ. ಉದ್ಯೋಗನಿಮಿತ್ತ ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ನಮ್ಮಂತಹ ಕನ್ನಡ ಕುಟುಂಬಗಳಿಗೆ ಊರಿನ ಹಿರಿಯರೊಡನೆ ಬಾಂಧವ್ಯವನ್ನು ಉಳಿಸಿಕೊಡುವ ಸಾಧನಗಳಲ್ಲಿ ಅವೂ ಒಂದು. ಆದುದರಿಂದ ಕ್ಯಾಮರಾ ಕೊಳ್ಳುವ ವಿಚಾರವನ್ನು ಕೊಂಚ ವ್ಯವಸ್ಥಿತವಾಗಿ ಪರಿಶೀಲಿಸುವುದು ಅನುಚಿತವಾಗಲಾರದು.

ವಡೋದರೆಗೂ ಕ್ಯಾಮರಾಕ್ಕೂ ಹಳೆಯ ನಂಟಿದೆ. ಒಂದು ಕಾಲದಲ್ಲಿ ಭಾರತದ ಮಧ್ಯಮವರ್ಗದ ಮನೆಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ 3 ಕ್ಯಾಮರಾ ತಯಾರಾದದ್ದು ಈ ನಗರದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಸಂಸ್ಥೆಯಲ್ಲಿ. ಒಂದು ಸುರುಳಿಗೆ 12 ಚಿತ್ರ. ತಿರುಗಿಸಲು ಹೆಚ್ಚಿನ ಗುಂಡಿಗಳೇ ಇರಲಿಲ್ಲ. ದೇಶದ ಪ್ರಥಮ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಖ್ಯಾತರಾದ ಹೋಮಾಯ್ ವ್ಯಾರಾವಾಲಾ ಅವರು ತಮ್ಮ ಉತ್ತರಾರ್ಧದ ಬಾಳನ್ನು ಇಲ್ಲಿಯೇ ಕಳೆದು 2012ರಲ್ಲಿ ಇಲ್ಲಿಯೇ ನಿಧನರಾದರು. ಇತ್ತ ಅಮೆರಿಕದ ಕೊಡಾಕ್ ಸಂಸ್ಥೆಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ರಚಿಸಿದ ಡಿಜಿಟಲ್ ಕ್ಯಾಮರಾ ಸುಮಾರು 3.6 ಕಿಲೋ ತೂಗುತ್ತಿತ್ತು. ಅದರ ಚಿತ್ರದಲ್ಲಿ ಇದ್ದ ಬಿಂದುಗಳು ಕೇವಲ 10,000. ಇಂದು ಅಂಗಡಿಯವರು ಎರಡು ಕೋಟಿ, ನಾಲ್ಕು ಕೋಟಿ ಬಿಂದುಗಳ ಮಾತನಾಡುತ್ತಾರೆ. ಹತ್ತು ಲಕ್ಷ ಬಿಂದುಗಳಿಗೆ ಒಂದು ಮೆಗಾಪಿಕ್ಸೆಲ್. ಗ್ರಾಹಕರು ಮರುಳಾಗುವುದು ಈ ಅಂಕಿಗೇ.

ನನ್ನ ತಾಯಿಯವರು ಧಾರವಾಡದಲ್ಲಿದ್ದಾರೆ. ದೂರಪ್ರಯಾಣದ ಶಕ್ತಿ ಅವರಿಗೆ ಈಗಿಲ್ಲ. ಮೊಮ್ಮಗಳು ವಡೋದರೆಯಲ್ಲಿ ನವರಾತ್ರಿಯ ಗರ್ಬಾ ಆಡುವುದನ್ನು ನೋಡಬೇಕೆಂಬುದು ಅವರ ಆಸೆ. ಮೊಬೈಲಿನ ಪುಟ್ಟ ಪರದೆ ಅವರ ಕಣ್ಣಿಗೆ ಹತ್ತುವುದಿಲ್ಲ. ಕೈಯಲ್ಲಿ ಹಿಡಿದು ನೋಡುವ ದೊಡ್ಡ ಕಾಗದದ ಚಿತ್ರವೇ ಬೇಕು. ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳಿದ್ದರೆ ಉತ್ತಮವೆನ್ನುತ್ತಾರೆ. 8 ಅಂಗುಲ ಅಗಲ, 12 ಅಂಗುಲ ಉದ್ದದ ಚಿತ್ರಕ್ಕೆ 2,400ನ್ನು 3,600ರಿಂದ ಗುಣಿಸಿದರೆ 86,40,000, ಅಂದರೆ ಒಂಬತ್ತು ಮೆಗಾಪಿಕ್ಸೆಲ್‌ಗಿಂತಲೂ ಕಡಿಮೆ. ಇಂದಿನ ಯಾವ ಕ್ಯಾಮರಾದಲ್ಲಿಯೂ ಇಷ್ಟು ಇದ್ದೇ ಇರುತ್ತದೆ. ಅಲ್ಲಿಗೆ ಮೆಗಾಪಿಕ್ಸೆಲ್ ವ್ಯಾಮೋಹ ಮುಗಿಯಿತು.

ನಿಜವಾದ ತೊಡಕು ಇರುವುದು ಬೆಳಕಿನಲ್ಲಿ. ಗರ್ಬಾ ನಡೆಯುವುದು ರಾತ್ರಿ, ಮೈದಾನದ ದೀಪಗಳಡಿ. ಆಡುವವರು ಕ್ಷಣವೂ ನಿಲ್ಲುವುದಿಲ್ಲ. ಮೊಬೈಲು ಕತ್ತಲಲ್ಲಿ ಹಲವು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಬೆಳಕನ್ನು ಕೂಡಿಹಾಕುತ್ತದೆ. ನಿಂತ ಗೋಡೆಗೆ ಇದು ಸರಿ. ಸುತ್ತುವ ಘಾಗ್ರಾಕ್ಕೆ ಅಲ್ಲ. ಚಲನೆಯನ್ನು ಸ್ಥಿರವಾಗಿ ಹಿಡಿಯಲು ಸೆಕೆಂಡಿನ 250ನೆಯ ಒಂದು ಭಾಗದಷ್ಟಾದರೂ ವೇಗ ಬೇಕು. ಅಷ್ಟು ಅಲ್ಪಕಾಲದಲ್ಲಿ ಬೆಳಕನ್ನು ಸಂಗ್ರಹಿಸಲು ಎರಡು ಅಂಗಗಳು ಸಮರ್ಥವಾಗಿರಬೇಕು: ಬೆಳಕನ್ನು ಗ್ರಹಿಸುವ ಫಲಕವಾದ ಸೆನ್ಸರ್, ಮತ್ತು ಅದರ ಮುಂದಿನ ಲೆನ್ಸ್.

ಅಗ್ಗದ ಪುಟ್ಟ ಕ್ಯಾಮರಾಗಳ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. ಲೆನ್ಸ್ ಬದಲಿಸಬಹುದಾದ ಮಧ್ಯಮ ದರ್ಜೆಯ ಎಪಿಎಸ್‌-ಸಿ ಕ್ಯಾಮರಾಗಳಲ್ಲಿ ಸುಮಾರು 366. ಹಳೆಯ ಫಿಲ್ಮಿನಷ್ಟೇ ಅಳತೆಯ ಫುಲ್‌ಫ್ರೇಮಿನಲ್ಲಿ 864. ಮಳೆನೀರಿಗೆ ಬೋಗುಣಿ ಇಟ್ಟಂತೆ ಇದು. ಬಾಯಿ ಅಗಲವಾದಷ್ಟೂ ನೀರು ಹೆಚ್ಚು. ಲೆನ್ಸಿನ ಕಣ್ಣನ್ನು ಎಫ್ ಸಂಖ್ಯೆಯಿಂದ ಸೂಚಿಸುತ್ತಾರೆ. ಸಂಖ್ಯೆ ಇಳಿದಷ್ಟೂ ಕಣ್ಣು ದೊಡ್ಡದು. ಕ್ಯಾಮರಾದೊಡನೆ ಬರುವ ಸಾಮಾನ್ಯ ಜೂಮ್ ಲೆನ್ಸನ್ನು ಹಿಗ್ಗಿಸಿದಾಗ ಬಹುತೇಕ ಎಫ್ 5.6 ದೊರೆಯುತ್ತದೆ. ಜೂಮ್ ಇಲ್ಲದ 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್ 1.8 ಸುಲಭವಾಗಿ ಸಿಗುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 9.7. ಎಂದರೆ ಮೊದಲನೆಯದು ಸೆಕೆಂಡಿನ 50ನೆಯ ಭಾಗ ಬೇಡುವಲ್ಲಿ ಎರಡನೆಯದಕ್ಕೆ 500ನೆಯ ಭಾಗದ ಆಸುಪಾಸು ಸಾಕು. ಈ ಲೆಕ್ಕವೇ ನನ್ನ ನಿರ್ಧಾರಕ್ಕೆ ಆಧಾರವಾಯಿತು: ಕ್ಯಾಮರಾ ಮಧ್ಯಮ ದರ್ಜೆಯದು, ಉಳಿದ ಹಣ ಲೆನ್ಸಿಗೆ.

ಎಲ್ಲರ ಅಗತ್ಯವೂ ಇದೇ ಆಗಬೇಕಿಲ್ಲ. ಅಹಮದಾಬಾದಿನ ಮಾಳಿಗೆಯ ಮೇಲೆ ಉತ್ತರಾಯಣದ ಹಗಲಿನಲ್ಲಿ ಗಾಳಿಪಟ ತೆಗೆಯುವವರಿಗೆ ಬೆಳಕಿನ ಬರವಿಲ್ಲ. ಚಳಿಗಾಲದಲ್ಲಿ ನಳ ಸರೋವರದ ಹಕ್ಕಿಗಳನ್ನು ಬಯಸುವವರಿಗೆ ದೂರದ ಲೆನ್ಸೇ ಪ್ರಧಾನ. ಅದರ ಬೆಲೆ ಕ್ಯಾಮರಾವನ್ನೂ ಮೀರೀತು. ಸೂರತ್ತಿನಲ್ಲಿ ಸೀರೆಯ ವ್ಯಾಪಾರ ಮಾಡುವ ಮಿತ್ರರಿಗೆ ಒಳ್ಳೆಯ ದೀಪವೊಂದು, ಮುಕ್ಕಾಲಿ ಸ್ಟ್ಯಾಂಡೊಂದು ಸಾಕು, ಮೊಬೈಲೇ ಆದೀತು. ಹಗಲಿನ ಪ್ರವಾಸಚಿತ್ರಗಳಷ್ಟೇ ಬೇಕಾದವರು ಕ್ಯಾಮರಾ ಕೊಳ್ಳದಿರುವುದೇ ಮೇಲೆಂದು ನನ್ನ ಅಭಿಪ್ರಾಯ.

ನಲವತ್ತು ದಾಟಿ ಚಾಳೀಸು ಬಂದವರು ಇನ್ನೊಂದನ್ನು ಗಮನಿಸಬೇಕು. ಹಿಂಬದಿಯ ಪರದೆಯನ್ನು ನೋಡಲು ಪ್ರತಿಸಲವೂ ಕನ್ನಡಕ ಹುಡುಕಬೇಕಾಗುತ್ತದೆ. ಕಣ್ಣಿಟ್ಟು ನೋಡುವ ಕಿಂಡಿ ಇರುವ ಕ್ಯಾಮರಾದಲ್ಲಿ ಅದರ ಪಕ್ಕದ ಪುಟ್ಟ ಚಕ್ರವನ್ನು ತಿರುಗಿಸಿ ನಮ್ಮ ದೃಷ್ಟಿಗೆ ಹೊಂದಿಸಿಕೊಳ್ಳಬಹುದು. ಅಂಗಡಿಯಲ್ಲಿಯೇ ಪರೀಕ್ಷಿಸಬೇಕು. ತೂಕವೂ ಹಾಗೆಯೇ: ಐದು ನಿಮಿಷ ಎತ್ತಿ ಹಿಡಿದು ನೋಡಿದರೆ ಮಣಿಕಟ್ಟೇ ಉತ್ತರ ಹೇಳುತ್ತದೆ.

ಇನ್ನು ಹಣದ ವಿಚಾರ. ಡಿಜಿಟಲ್ ಕ್ಯಾಮರಾಗಳ ಜಿಎಸ್‌ಟಿ ದರ 2019ರ ಜನವರಿ 1ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು. 50,000 ರೂಪಾಯಿಯ ಕ್ಯಾಮರಾದಲ್ಲಿ 7,627 ರೂಪಾಯಿ ತೆರಿಗೆ. ಬಿಲ್ಲು ಬೇಡವೆಂದರೆ ಇದನ್ನು ಬಿಟ್ಟುಕೊಡುತ್ತೇನೆಂಬ ವರ್ತಕ ಎಲ್ಲಿಯಾದರೂ ಸಿಗಬಹುದು. ಬಿಲ್ಲಿಲ್ಲದ ಸರಕಿಗೆ ವಾರಂಟಿ ಕೇಳುವುದು ಹೇಗೆ? ಬಡ್ಡಿಯಿಲ್ಲದ ಕಂತು ಎಂಬ ಆಕರ್ಷಣೆಯೂ ಉಂಟು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತ್ತು. ಬ್ಯಾಂಕಿನವನಾಗಿ ನಾನು ಸೂಚಿಸುವುದಿಷ್ಟು: ನಗದಿಗೆ ಎಷ್ಟು ರಿಯಾಯಿತಿ ಎಂದು ಮೊದಲು ಕೇಳಿ, ಅದಕ್ಕೆ ಸಂಸ್ಕರಣಾ ಶುಲ್ಕವನ್ನು ಕೂಡಿಸಿ, ಅಡಗಿದ ಬಡ್ಡಿ ಹೊರಬರುತ್ತದೆ. ಹೆಚ್ಚುವರಿ ಬ್ಯಾಟರಿ, ಮೆಮೊರಿ ಕಾರ್ಡು, ಚೀಲ ಇವುಗಳಿಗೂ ಹಣ ತೆಗೆದಿಡಬೇಕು.

ಸೂರತ್ತಿನ ಮಳೆಗಾಲದ ತೇವದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದುಂಟು. ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಡುವ ಬದಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇರಿಸಿ, ಅದು ಬಣ್ಣ ಬದಲಿಸಿದಾಗ ಹೊಸದನ್ನು ಹಾಕಬೇಕು.