ಮಿಂಚುಹುಳುವಿನ ಬೆಳಕು ಕೊಡುವ ಲೆಕ್ಕ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಜೀವಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟವನು. ಇವನು ಕಿಣ್ವಗಳ ಬಗ್ಗೆ ಏಕೆ ಬರೆಯುತ್ತಿದ್ದಾನೆ ಎಂದು ವಿಜ್ಞಾನ ವಿಭಾಗದವರು ನಗಬಹುದು. ಕಾರಣ ನನ್ನ ಮಾಮೂ.

ಕಳೆದ ವರ್ಷ ಮಾಮೂಗೆ ಕ್ಷಯ ರೋಗ ಎಂದು ಗೊತ್ತಾಯಿತು. ಎರಡು ತಿಂಗಳು ತಪ್ಪದೆ ಮಾತ್ರೆ ನುಂಗಿದರೂ ಕಫದಲ್ಲಿ ಇನ್ನೂ ಕ್ರಿಮಿ ಕಾಣಿಸಿತು. ಕ್ರಿಮಿ ಯಾವ ಔಷಧಕ್ಕೆ ಬಗ್ಗುತ್ತಿಲ್ಲ ಎಂದು ತಿಳಿಯಲು ಕಫವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದರು. ವರದಿ ಬರಲು ಆರು ವಾರ ಹಿಡಿಯಿತು. ಅಷ್ಟು ದಿನವೂ ಅಮ್ಮಿ ಫೋನ್ ಕೈಬಿಡಲಿಲ್ಲ. "ಒಂದು ಪರೀಕ್ಷೆಗೆ ಇಷ್ಟು ದಿನ ಯಾಕೆ ಆಪಾ?" ಎಂದು ಬಿ.ಎಸ್ಸಿ. ಓದುತ್ತಿರುವ ನನ್ನ ಆಪಾ ಅವರನ್ನು ಕೇಳಿದೆ. "ಆ ಕ್ರಿಮಿ ಬೆಳೆಯೋದೇ ನಿಧಾನ. ಬೆಳೆದರೆ ತಾನೇ ಸತ್ತಿದೆಯೋ ಇಲ್ಲವೋ ಕಾಣೋದು?" ಎಂದರು. ಆಮೇಲೆ ಅವರು ಹೇಳಿದ ವಿಷಯವೇ ಈ ಲೇಖನ.

ಮಿಂಚುಹುಳುವನ್ನು ನಮ್ಮ ಮನೆಯ ಉರ್ದುವಿನಲ್ಲಿ ಜುಗ್ನೂ ಎನ್ನುತ್ತೇವೆ. ಅದರ ಹೊಟ್ಟೆಯಲ್ಲಿ ಲೂಸಿಫೆರಿನ್ ಎಂಬ ವಸ್ತುವೂ ಲೂಸಿಫೆರೇಸ್ ಎಂಬ ಕಿಣ್ವವೂ ಇವೆ. ಈ ಎರಡು ಹೆಸರುಗಳನ್ನು ಕೊಟ್ಟವರು ಫ್ರಾನ್ಸಿನ ರಫಾಯೆಲ್ ದ್ಯುಬುವಾ. 1880ರ ದಶಕದಲ್ಲಿ ಹೊಳೆಯುವ ಜೀರುಂಡೆ ಮತ್ತು ಸಮುದ್ರದ ಚಿಪ್ಪುಜೀವಿಗಳ ಮೇಲೆ ಅವರು ಪ್ರಯೋಗ ಮಾಡಿದ್ದರು. ಲೂಸಿಫೆರಿನ್ ಗಾಳಿಯ ಆಮ್ಲಜನಕದೊಡನೆ ಸೇರುವಾಗ ಲೂಸಿಫೆರೇಸ್ ಆ ಕ್ರಿಯೆಯನ್ನು ನಡೆಸುತ್ತದೆ. ಆಗ ಹಳದಿ ಹಸಿರು ಬೆಳಕು ಬರುತ್ತದೆ.

1947ರಲ್ಲಿ ಅಮೆರಿಕದ ವಿಲಿಯಂ ಮೆಕೆಲ್ರಾಯ್ ಇನ್ನೊಂದು ಸಂಗತಿ ಕಂಡುಹಿಡಿದರು. ಮಿಂಚುಹುಳು ಹೊಳೆಯಲು ಎಟಿಪಿ ಬೇಕೇ ಬೇಕು. ಎಟಿಪಿ ಎಂದರೆ ಜೀವಕೋಶದ ನಗದು ಹಣ. ಆಹಾರದಿಂದ ಬಂದ ಶಕ್ತಿಯನ್ನು ಕೋಶವು ಎಟಿಪಿ ರೂಪದಲ್ಲಿ ಇಟ್ಟುಕೊಂಡು ಪ್ರತಿ ಕೆಲಸಕ್ಕೂ ಖರ್ಚು ಮಾಡುತ್ತದೆ. ಸತ್ತ ಕೋಶದಲ್ಲಿ ಈ ನಗದು ಉಳಿಯುವುದಿಲ್ಲ. ಅಂದಹಾಗೆ, ಪ್ರಯೋಗಕ್ಕೆ ಹುಳುಗಳು ಬೇಕೆಂದು ಮೆಕೆಲ್ರಾಯ್ ಮಕ್ಕಳಿಗೆ 100 ಹುಳುಗಳಿಗೆ 25 ಸೆಂಟ್ಸ್ ಕೊಡುತ್ತಿದ್ದರಂತೆ. ವಾಣಿಜ್ಯದವನಾದ ನನಗೆ ಈ ದರ ಮಾತ್ರ ಮರೆಯುವುದಿಲ್ಲ!

1985ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಮಿಂಚುಹುಳುವಿನ ಲೂಸಿಫೆರೇಸ್ ಜೀನನ್ನು ಈ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಮರುವರ್ಷ ಅದೇ ಜೀನ್ ಸೇರಿಸಿದ ತಂಬಾಕು ಗಿಡ ಕತ್ತಲಲ್ಲಿ ಹೊಳೆಯಿತು. ಅಲ್ಲಿಂದ ಲೂಸಿಫೆರೇಸ್ 'ರಿಪೋರ್ಟರ್', ಅಂದರೆ ವರದಿಗಾರ, ಆಯಿತು.

ವರದಿಗಾರ ಏಕೆ ಬೇಕು? ಪ್ರತಿ ಜೀನಿನ ಮುಂದೆ ಪ್ರಮೋಟರ್ ಎಂಬ ಭಾಗವಿದೆ. ಅದು ಸ್ವಿಚ್ ಇದ್ದಂತೆ. ಸ್ವಿಚ್ ಬಿದ್ದರೆ ಜೀನ್ ಕೆಲಸ ಮಾಡುತ್ತದೆ, ಆದರೆ ನಮಗೆ ಏನೂ ಕಾಣುವುದಿಲ್ಲ. ಬಿಲ್ ಹಾಕದೆ ವ್ಯಾಪಾರ ಮಾಡುವ ಅಂಗಡಿಯಂತೆ. ಸಂಜೆ ಎಷ್ಟು ಮಾರಾಟವಾಯಿತೆಂದು ಹೇಳಲಾಗದು. ಅದೇ ಸ್ವಿಚ್ಚಿನ ಹಿಂದೆ ಲೂಸಿಫೆರೇಸ್ ಜೀನನ್ನು ಜೋಡಿಸಿದರೆ, ಸ್ವಿಚ್ ಬಿದ್ದಾಗಲೆಲ್ಲ ಲೂಸಿಫೆರೇಸ್ ತಯಾರಾಗುತ್ತದೆ. ಲೂಸಿಫೆರಿನ್ ಹಾಕಿದರೆ ಬೆಳಕು ಬರುತ್ತದೆ. ಈ ಬೆಳಕೇ ರಸೀದಿ. ಲುಮಿನೋಮೀಟರ್ ಎಂಬ ಯಂತ್ರ ಅದನ್ನು ಅಳೆಯುತ್ತದೆ. ಸಿಂಥೆಟಿಕ್ ಬಯಾಲಜಿಯಲ್ಲಿ ಹೊಸ ಸ್ವಿಚ್ ಕಟ್ಟಿದವರು ಅದು ಎಷ್ಟು ಬಲವಾಗಿದೆ ಎಂದು ನೋಡುವುದು ಹೀಗೆಯೇ.

ಹಸಿರು ಪ್ರತಿದೀಪ್ತ ಪ್ರೋಟೀನ್ ಎಂಬ ಇನ್ನೊಂದು ವರದಿಗಾರನೂ ಇದೆ. ಆದರೆ ಅದು ಕಾಣಬೇಕಾದರೆ ಹೊರಗಿನಿಂದ ಬೆಳಕು ಬಿಡಬೇಕು. ಆಗ ಕೋಶದ ಬೇರೆ ವಸ್ತುಗಳೂ ಸ್ವಲ್ಪ ಹೊಳೆದು ಲೆಕ್ಕ ಕೆಡುತ್ತದೆ. ಲೂಸಿಫೆರೇಸ್ ಕತ್ತಲಲ್ಲೇ ಕೆಲಸ ಮಾಡುವುದರಿಂದ ತುಂಬ ಮಂದ ಬೆಳಕನ್ನೂ ಎಣಿಸಬಹುದು.

ಹಾಗೆಂದು ರಸೀದಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಬೆಳಕು ಕಡಿಮೆ ಬಂದರೆ ಸ್ವಿಚ್ ದುರ್ಬಲ ಎಂದೇ ಅರ್ಥವಲ್ಲ. ಕೋಶಗಳ ಸಂಖ್ಯೆಯೇ ಕಡಿಮೆ ಇರಬಹುದು, ಆಮ್ಲಜನಕ ಸಾಲದಿರಬಹುದು. ಅದಕ್ಕಾಗಿ ಸೀ ಪ್ಯಾನ್ಸಿ ಎಂಬ ಸಮುದ್ರಜೀವಿಯ ಲೂಸಿಫೆರೇಸನ್ನು ಸದಾ ಆನ್ ಇರುವ ಸ್ವಿಚ್ಚಿಗೆ ಜೋಡಿಸಿ ಅದೇ ಕೋಶದಲ್ಲಿ ಇಡುತ್ತಾರೆ. ಅದಕ್ಕೆ ಬೇರೆಯೇ ಲೂಸಿಫೆರಿನ್ ಬೇಕು, ಹೀಗಾಗಿ ಎರಡು ಬೆಳಕನ್ನೂ ಬೇರೆ ಬೇರೆ ಅಳೆಯಬಹುದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತಾರೆ. ಒಟ್ಟು ಲಾಭ ನೋಡದೆ ಮಾರಾಟಕ್ಕೆ ಲಾಭದ ಅನುಪಾತ ನೋಡಿ ಎಂದು ನಮ್ಮ ಅಕೌಂಟೆನ್ಸಿ ಪುಸ್ತಕ ಹೇಳುವುದೂ ಇದನ್ನೇ ಅಲ್ಲವೇ?

ಈಗ ಕ್ಷಯಕ್ಕೆ ಬರೋಣ. ಈ. ಕೋಲಿ ಅನುಕೂಲವಿದ್ದರೆ ಸುಮಾರು 20 ನಿಮಿಷಕ್ಕೆ ಒಂದರಿಂದ ಎರಡಾಗುತ್ತದೆ. ಕ್ಷಯದ ಕ್ರಿಮಿಗೆ ಹೆಚ್ಚು ಕಡಿಮೆ ಒಂದು ದಿನ ಬೇಕು. 1990ರ ಆಸುಪಾಸಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ಹಲವು ಔಷಧಗಳಿಗೆ ಬಗ್ಗದ ಕ್ಷಯ ಹರಡಿತ್ತು. ವರದಿ ಬರುವುದರೊಳಗೆ ರೋಗಿಗಳು ಸಾಯುತ್ತಿದ್ದರು. ಆಗ ಅಲ್ಲಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ವಿಲಿಯಂ ಜೇಕಬ್ಸ್ ಮತ್ತು ಸಂಗಡಿಗರು 1993ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಫೇಜ್ ಎಂದರೆ ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುವ ವೈರಸ್. ಕ್ಷಯದ ಕ್ರಿಮಿಯೊಳಗೆ ಹೊಗುವ ಫೇಜ್‌ಗೆ ಅವರು ಮಿಂಚುಹುಳುವಿನ ಜೀನ್ ಸೇರಿಸಿದರು. ಕ್ರಿಮಿಗೆ ಮೊದಲು ಔಷಧ ಹಾಕಿ, ನಂತರ ಈ ಫೇಜ್ ಬಿಟ್ಟು, ಲೂಸಿಫೆರಿನ್ ಹಾಕಿದರು. ಔಷಧ ಕೆಲಸ ಮಾಡಿದ್ದರೆ ಎಟಿಪಿ ಇಲ್ಲ, ಬೆಳಕೂ ಇಲ್ಲ. ಕ್ರಿಮಿ ಔಷಧಕ್ಕೆ ಬಗ್ಗದಿದ್ದರೆ ಹೊಳೆಯುತ್ತಲೇ ಇರುತ್ತದೆ. ಕ್ರಿಮಿ ರಾಶಿಯಾಗಿ ಬೆಳೆಯುವವರೆಗೆ ಕಾಯಬೇಕಿಲ್ಲ. ಮುಂದೆ ಅವರು ದುಬಾರಿ ಯಂತ್ರವಿಲ್ಲದೆ, ಪೋಲರಾಯ್ಡ್ ಫಿಲ್ಮ್ ಇಟ್ಟ ಪೆಟ್ಟಿಗೆಯಲ್ಲೇ ಈ ಬೆಳಕನ್ನು ಹಿಡಿದು ತೋರಿಸಿದರು. ಅದಕ್ಕೆ ಬ್ರಾಂಕ್ಸ್ ಬಾಕ್ಸ್ ಎಂದು ಹೆಸರು.

ನಮ್ಮ ಆಸ್ಪತ್ರೆಗಳಲ್ಲಿ ಈ ಫೇಜ್ ಪರೀಕ್ಷೆ ಇಲ್ಲ. ಇಲ್ಲಿ ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳು ಕ್ರಿಮಿಯ ಜೀನನ್ನೇ ಓದಿ ಕೆಲವೇ ಗಂಟೆಗಳಲ್ಲಿ ರಿಫಾಂಪಿಸಿನ್ ಔಷಧದ ಬಗ್ಗೆ ಹೇಳುತ್ತವೆ. ಮಾಮೂಗೂ ಮೊದಲು ಅದನ್ನೇ ಮಾಡಿದ್ದರು. ಆದರೆ ಎಲ್ಲ ಔಷಧಗಳ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಕಲ್ಚರ್ ವರದಿ ಬಂದಾಗ ಮಾಮೂವಿನ ಕ್ರಿಮಿ ಐಸೋನಿಯಾಜಿಡ್‌ಗೆ ಬಗ್ಗುತ್ತಿಲ್ಲ ಎಂದು ತಿಳಿಯಿತು. ಔಷಧ ಬದಲಿಸಿದರು. ಈಗ ಅವರು ಗುಣವಾಗಿ ಅಂಗಡಿಗೆ ಹೋಗುತ್ತಿದ್ದಾರೆ.

ಕೊನೆಯದಾಗಿ ಒಂದು ಮಾತು. ವರದಿಗೆ ಆರು ವಾರ ಕಾದದ್ದು ನಿಜ. ಆದರೆ ಅದಕ್ಕೂ ಮೊದಲು ಮಾಮೂ ಎರಡು ತಿಂಗಳು ಕೆಮ್ಮುತ್ತಾ ಮನೆಯಲ್ಲೇ ಇದ್ದರು. ಜನ ಏನೆನ್ನುತ್ತಾರೋ ಎಂದು ಅವರೂ ಹೇಳಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಆ ಎರಡು ತಿಂಗಳನ್ನು ಯಾವ ವಿಜ್ಞಾನಿಯೂ ಕಡಿಮೆ ಮಾಡಲಾರ. ಅದು ನಮ್ಮ ಲೆಕ್ಕದ ತಪ್ಪು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಔಷಧವೂ ಉಚಿತ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಕೆಮ್ಮುತ್ತಿದ್ದರೆ ಇವತ್ತೇ ಹೇಳಿ. ಇದನ್ನು ಬರೆಯಲು ಮಾಮೂ ಅವರೇ ಒಪ್ಪಿಗೆ ಕೊಟ್ಟರು. "ಬರೆಯೋ, ಇನ್ನೊಬ್ಬರಿಗಾದರೂ ಉಪಯೋಗವಾಗಲಿ" ಎಂದರು.