ವೃದ್ಧರೂ ಮೊಬೈಲಿನ ಮೋಸವೂ

ಕುರುಗೋಡಿನ ನಮ್ಮ ತಾತ ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ ನೋಡಿ, ದಲ್ಲಾಳಿಯ ಮಾತನ್ನು ಎಳ್ಳಷ್ಟೂ ನಂಬದೆ ವ್ಯಾಪಾರ ಕುದುರಿಸುವವರು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಭತ್ತ ತೂಗುವಾಗ ಕಾಟಾದ ಮುಂದಿನಿಂದ ಕದಲುವವರಲ್ಲ. ಅಂಥವರು ಕಳೆದ ವರ್ಷ ಒಂದು ಮಧ್ಯಾಹ್ನ, ಮುಖವನ್ನೇ ಕಾಣದ ಒಬ್ಬನಿಗೆ ಆರು ಅಂಕಿಗಳನ್ನು ಓದಿ ಹೇಳಿ, ಭತ್ತ ಮಾರಿದ ಹಣದಲ್ಲಿ 48,000 ರೂಪಾಯಿ ಕಳೆದುಕೊಂಡರು. ‘ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ, ಕೆವೈಸಿ ಆಗಿಲ್ಲ, ಸಂಜೆಯೊಳಗೆ ಖಾತೆ ಬಂದಾಗುತ್ತದೆ’ ಎಂದನಂತೆ. ಆ ಆರು ಅಂಕಿಗಳೇ ಓಟಿಪಿ.

ಮುದುಕರಿಗೆ ತಿಳಿವಳಿಕೆ ಸಾಲದು ಎಂದು ನಾವು ವಿದ್ಯಾರ್ಥಿಗಳು ಸುಲಭವಾಗಿ ಹೇಳಿಬಿಡುತ್ತೇವೆ. ಇದನ್ನು ನಾನು ಒಪ್ಪಲಾರೆ. ಸಂತೆಯಲ್ಲಿ ತಾತನಿಗೆ ಯೋಚಿಸಲು ವೇಳೆಯಿತ್ತು, ಎತ್ತು ಕಣ್ಣೆದುರಿಗಿತ್ತು, ಕೇಳಲು ಜೊತೆಗಾರರಿದ್ದರು. ಮೋಸಗಾರನು ಮೊದಲು ಕಸಿದುಕೊಳ್ಳುವುದು ಇವುಗಳನ್ನೇ. ‘ಈಗಲೇ’ ಎನ್ನುತ್ತಾನೆ; ‘ಫೋನ್ ಇಡಬೇಡಿ, ಮನೆಯಲ್ಲಿ ಯಾರಿಗೂ ಹೇಳಬೇಡಿ’ ಎನ್ನುತ್ತಾನೆ. ‘ಡಿಜಿಟಲ್ ಅರೆಸ್ಟ್’ ಎಂಬ ಮೋಸವು ಇದರದೇ ಉಗ್ರರೂಪ. ಪೊಲೀಸರ ವೇಷದವನೊಬ್ಬ ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ವೃದ್ಧರನ್ನು ದಿನಗಟ್ಟಲೆ ಅವರ ಕೋಣೆಯಲ್ಲಿಯೇ ಸೆರೆಯಿಟ್ಟಂತೆ ಮಾಡುತ್ತಾನೆ. ಅಂಥ ಬಂಧನವು ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ರೇಡಿಯೋ ಭಾಷಣದಲ್ಲಿ ಹೇಳಬೇಕಾಯಿತು. ಪಿಂಚಣಿದಾರರು ಜೀವನ ಪ್ರಮಾಣಪತ್ರ ಸಲ್ಲಿಸುವ ನವೆಂಬರ್ ತಿಂಗಳೂ ಇವರಿಗೆ ಒಂದು ಸುಗ್ಗಿಯೇ.

2016ರಲ್ಲಿ ಬಂದ ಯುಪಿಐ ಪದ್ಧತಿಯ ವಿಷಯದಲ್ಲಿ ಒಂದು ಮಾತನ್ನು ಮನೆಯ ಹಿರಿಯರಿಗೆ ಹೇಳಿಕೊಡುವುದು ಅವಶ್ಯ. ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ನಮಗೆ ಬರಬೇಕಾದ ಹಣಕ್ಕೆ ನಾವೇ ರುಜು ಹಾಕಿದ ಚೆಕ್ಕು ಕೊಡುವುದುಂಟೇ? ಹೀಗೆಂದಾಗ ತಾತನಿಗೆ ತಟ್ಟನೆ ತಿಳಿಯಿತು.

ಆದರೆ ನನ್ನನ್ನು ಇಂದಿಗೂ ಕೊರೆಯುವುದು ಬೇರೊಂದು ಸಂಗತಿ. ಹಣ ಹೋದುದನ್ನು ತಾತ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಗೊಬ್ಬರ ತರಲು ಅಪ್ಪ ಹಣ ಕೇಳಿದಾಗಲೇ ಅದು ಹೊರಬಿದ್ದದ್ದು. ‘ಹೇಳಿದ್ರೆ ನಿಮ್ಮಪ್ಪ ಏನಂತಾನೋ ಅಂತ ಸುಮ್ನಿದ್ದೆಪ್ಪಾ’ ಎಂದರು. ಆ ಮೊಬೈಲನ್ನು ಬಳ್ಳಾರಿಯಿಂದ ತಂದುಕೊಟ್ಟವನು ನಾನು. ‘ನಿನಗಿದು ತಿಳಿಯೋದಿಲ್ಲ ಬಿಡು ತಾತಾ’ ಎಂದು ನಕ್ಕವನೂ ನಾನೇ.

ಆ ನಾಲ್ಕು ದಿನಗಳ ಬೆಲೆಯನ್ನು ಆಮೇಲೆ ಅರಿತೆ. ಕದ್ದ ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಜಿಗಿದು, ಕೊನೆಗೆ ಎಲ್ಲಿಯೋ ನಗದಾಗುತ್ತದೆ. ನಗದಾಗುವ ಮುನ್ನ 1930 ಎಂಬ ಸಂಖ್ಯೆಗೆ ಕರೆಮಾಡಿದರೆ, ದೂರು ಸಂಬಂಧಪಟ್ಟ ಬ್ಯಾಂಕುಗಳಿಗೆ ತಲುಪಿ, ಹಣ ಸೇರಿದ ಖಾತೆಯಲ್ಲಿಯೇ ಅದನ್ನು ತಡೆಹಿಡಿಯುವ ಅವಕಾಶವುಂಟು. ಮೊದಲ ಒಂದು ಗಂಟೆಯೇ ಮುಖ್ಯ. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ಗ್ರಾಹಕನೇ ಅಜಾಗ್ರತೆಯಿಂದ ಗುಟ್ಟಿನ ಅಂಕಿಯನ್ನು ಕೊಟ್ಟಿದ್ದರೂ, ಅವನು ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿಯೇ ವಿಧಿಸಿತು. ನಾವು ಐದನೆಯ ದಿನ ಬಳ್ಳಾರಿಗೆ ಬಂದು ದೂರು ಬರೆಸಿದೆವು. ಅಷ್ಟರಲ್ಲಿ ಖಾತೆ ಬರಿದಾಗಿತ್ತು.

ಹೀಗಾಗಿ ‘ಓಟಿಪಿ ಹೇಳಬೇಡ’ ಎಂದು ಹಿರಿಯರಿಗೆ ಹೇಳುವುದರ ಜೊತೆಗೆ, ‘ಹೇಳಿಬಿಟ್ಟಿದ್ದರೆ ಆ ಗಳಿಗೆಯೇ ನನ್ನನ್ನು ಕರೆ, ನಾನು ಬಯ್ಯುವುದಿಲ್ಲ’ ಎಂದೂ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಬಯ್ಗುಳದ ಹೆದರಿಕೆ ಮೋಸಗಾರನಿಗೆ ದೊರೆಯುವ ಪುಕ್ಕಟೆ ಸಹಾಯ.

ನಮ್ಮ ಪಡಸಾಲೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, 1930 ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಹೋದ ತಿಂಗಳು ತಾತನಿಗೆ ಮತ್ತೊಂದು ಕರೆ ಬಂದಿತಂತೆ. ‘ಮೊಮ್ಮಗ ಕಾಲೇಜಿಗೆ ಹೋಗ್ಯಾನ, ಸಂಜಿಗೆ ಬರ್ತಾನ, ಆವಾಗ ಮಾಡಪ್ಪಾ’ ಎಂದರಂತೆ. ಸಂಜೆ ನಾನು ಕಾದೆ, ಕರೆ ಬರಲಿಲ್ಲ.